ಮಷೀನ್ ಮೂರು, ಕಾಯುವವರು ಏಳು: ಡಯಾಲಿಸಿಸ್ ಸರದಿ ಹಂಚಿದ ನನ್ನ ಅನುಭವ

ಬೆಳಿಗ್ಗೆ ಆರಕ್ಕೆ ನಮ್ಮ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದ ಬಾಗಿಲು ತೆರೆಯುತ್ತದೆ. ಕಿಡ್ನಿ ಕೆಲಸ ನಿಂತವರ ರಕ್ತವನ್ನು ಮಷೀನಿನಲ್ಲಿ ಶುದ್ಧ ಮಾಡುವ ಜಾಗ ಇದು. ಮೊದಲ ಸರದಿಯವರು ಬಂದು, ತೂಕ ನೋಡಿಸಿಕೊಂಡು ಮಲಗುತ್ತಾರೆ. ಅಷ್ಟು ಹೊತ್ತಿಗೆ ಬಾಗಿಲ ಹತ್ತಿರ ಒಬ್ಬರಾದರೂ ಬಂದು ನಿಂತಿರುತ್ತಾರೆ. ಕಾಯುತ್ತಿರುವ ರೋಗಿಯ ಹೆಂಡತಿಯೋ ಮಗನೋ ಇರುತ್ತಾರೆ. ಕೇಳುವುದು ಒಂದೇ ಮಾತು: “ಸಿಸ್ಟರ್, ಜಾಗ ಆಯ್ತಾ?”

ಜಾಗ ಹೇಗೆ ಆಗುತ್ತದೆ ಅಂತ ಕೇಳುವವರಿಗೂ ಗೊತ್ತು, ನಮಗೂ ಗೊತ್ತು. ಅಪರೂಪಕ್ಕೆ ಯಾರಿಗಾದರೂ ಕಿಡ್ನಿ ಕಸಿ ಆಗುತ್ತದೆ. ಯಾರಾದರೂ ಊರು ಬಿಟ್ಟು ಮಕ್ಕಳ ಹತ್ತಿರ ಹೋಗುತ್ತಾರೆ. ಉಳಿದಂತೆ, ಒಬ್ಬರು ತೀರಿಕೊಂಡರೇನೇ ಇನ್ನೊಬ್ಬರಿಗೆ ಜಾಗ.

ನಮ್ಮಲ್ಲಿರುವುದು 4 ಮಷೀನ್. ಅದರಲ್ಲಿ ಒಂದು ಹೆಪಟೈಟಿಸ್ ಬಿ ಇರುವವರಿಗೇ ಮೀಸಲು. ಸೋಂಕಿನ ಭಯದಿಂದ ಅದನ್ನು ಬೇರೆಯವರಿಗೆ ಹಾಕುವ ಹಾಗಿಲ್ಲ. ಎಷ್ಟೋ ಮಧ್ಯಾಹ್ನ ಅದು ಸುಮ್ನೆ ನಿಂತಿರುತ್ತದೆ, ಹೊರಗೆ ಬೆಂಚಿನ ಮೇಲೆ ಜನ ಕೂತಿರುತ್ತಾರೆ. ಇವತ್ತಿಗೂ ಅದನ್ನು ನೋಡಿ ಅಭ್ಯಾಸವಾಗಿಲ್ಲ ನನಗೆ. ಉಳಿದದ್ದು 3 ಮಷೀನ್. ದಿನಕ್ಕೆ 3 ಸರದಿ, ವಾರಕ್ಕೆ 6 ದಿನ, ಒಟ್ಟು 54 ಸರದಿ. ಒಬ್ಬೊಬ್ಬರಿಗೂ 4 ಗಂಟೆ, ಮಧ್ಯೆ ಮಷೀನ್ ತೊಳೆಯಲು ಸಮಯ. ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ಮಾಡಿದ ನೀರು ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ತಡವಾದರೆ ಮೂರನೇ ಸರದಿ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಒಬ್ಬರಿಗೆ ವಾರಕ್ಕೆ ಮೂರು ಸಲದ ಲೆಕ್ಕ ಹಿಡಿದರೆ 18 ಜನ. ಅಷ್ಟೇ.

ನಾನು ಇಲ್ಲಿಗೆ ಫಿಸಿಶಿಯನ್ ಆಗಿ ಬಂದಾಗ ಕಾಯುವವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿತ್ತು. ಮೊದಲು ಬಂದವರಿಗೆ ಮೊದಲು. ರೇಷನ್ ಅಂಗಡಿಯ ಸಾಲಿನ ಹಾಗೆ, ಯಾರೂ ತಕರಾರು ಮಾಡದ ನಿಯಮ. ನನಗೂ ಅದೇ ನ್ಯಾಯ ಅನ್ನಿಸಿತ್ತು.

ಆಗ ಪಟ್ಟಿಯಲ್ಲಿ ಮೊದಲಿದ್ದವರು ಕೂಲಿ ಮಾಡುವ ಒಬ್ಬರು. ಜಾಗ ಆದ ದಿನ ಸಿಸ್ಟರ್ ಎರಡು ಸಲ ಫೋನ್ ಮಾಡಿದರು. ಸ್ವಿಚ್ ಆಫ್. ಎರಡನೇ ಹೆಸರಿನವರು ಪೇಟೆಯವರು, ಅರ್ಧ ಗಂಟೆಯಲ್ಲಿ ಬಂದರು. ಸಹಿ ಹಾಕಿದ್ದು ನಾನೇ. ಕೂಲಿಯವರ ಮನೆಯಲ್ಲಿ ಇದ್ದದ್ದು ಒಂದೇ ಫೋನ್, ಅದು ಕಬ್ಬು ಕಡಿಯಲು ಹೋದ ಮಗನ ಹತ್ತಿರ ಇತ್ತು. ನಾಲ್ಕನೇ ದಿನ ಅವರು ಬಂದಾಗ ಮಲಗಲು ಆಗುತ್ತಿರಲಿಲ್ಲ, ಕೂತೇ ಏದುಸಿರು ಬಿಡುತ್ತಿದ್ದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮೂರೂ ಮಷೀನಿನಲ್ಲಿ ಜನ ಇದ್ದರು. ತುರ್ತಿಗೆ ಅಂತ ನಾವು ಒಂದು ಸರದಿಯನ್ನೂ ಉಳಿಸಿಕೊಂಡಿರಲಿಲ್ಲ. 70 ಕಿಲೋಮೀಟರ್ ದೂರದ ಜಿಲ್ಲಾ ಆಸ್ಪತ್ರೆಗೆ 108ರಲ್ಲಿ ಕಳಿಸಿದೆವು. ದಾರಿಯಲ್ಲೇ ತೀರಿಕೊಂಡರು.

ಸಾಲಿಗೆ ಮುಖ ನೋಡುವ ಅಭ್ಯಾಸ ಇಲ್ಲ ಅಂದುಕೊಂಡಿದ್ದೆ. ನಮ್ಮ ಸಾಲು ಸ್ವಂತ ಫೋನ್ ಇದ್ದವರನ್ನು, ಬಸ್ ಸ್ಟ್ಯಾಂಡಿನ ಹತ್ತಿರ ಮನೆ ಇದ್ದವರನ್ನು, ಕಾಯಿಲೆ ಬೇಗ ಗೊತ್ತಾದವರನ್ನು ಮುಂದಕ್ಕೆ ತಳ್ಳುತ್ತಿತ್ತು.

ಮೊದಲು ಸುಲಭದ್ದನ್ನು ಸರಿ ಮಾಡಿದೆವು. ಪ್ರತಿ ಹೆಸರಿನ ಎದುರು ಮೂರು ನಂಬರ್: ಮನೆಯದು, ನೆಂಟರೊಬ್ಬರದು, ಆ ಊರಿನ ಆಶಾ ಕಾರ್ಯಕರ್ತೆಯದು. ಸಿಗದಿದ್ದರೆ 24 ಗಂಟೆ ಜಾಗ ಹಿಡಿದಿಡುವುದು. ಕಷ್ಟದ್ದು ಆಮೇಲೆ ಬಂತು.

ಒಂದು ಸಭೆಯಲ್ಲಿ ಸಲಹೆ ಬಂತು: ಎಲ್ಲರಿಗೂ ವಾರಕ್ಕೆ ಎರಡೇ ಸಲ ಮಾಡಿ, 27 ಜನಕ್ಕೆ ಜಾಗ ಆಗುತ್ತದೆ. ಕೇಳಲು ಸಮಾನವಾಗಿಯೇ ಇದೆ, ಅಲ್ವಾ? ಎಷ್ಟೋ ಕಡೆ ಹಾಗೇ ನಡೆಯುತ್ತಿದೆ ಕೂಡ. ನಾನು ಒಪ್ಪಲಿಲ್ಲ. ಮೂತ್ರ ಪೂರ್ತಿ ನಿಂತವರ ದೇಹದಿಂದ ನೀರು, ಜಾಸ್ತಿಯಾದರೆ ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ ಅನ್ನುವ ಲವಣ ಹೊರಗೆ ಹೋಗಲು ಬೇರೆ ದಾರಿಯೇ ಇಲ್ಲ. ಭಾನುವಾರದ ರಜೆ ಕಳೆದು ಸೋಮವಾರ ಬರುವಾಗಲೇ ಅವರ ಮುಖ ಊದಿರುತ್ತದೆ. ಈ ಉದ್ದದ ಬಿಡುವಿನ ಕೊನೆಯಲ್ಲೇ ಸಾವು ಜಾಸ್ತಿ ಅಂತ ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಅವರಿಗೆ ಎರಡು ಸಲ, ಇನ್ನೂ ಮೂತ್ರ ಬರುವವರಿಗೂ ಎರಡು ಸಲ ಅಂದರೆ ಕಾಗದದ ಮೇಲೆ ಸಮ. ಆಸ್ಪತ್ರೆಗೆ ಬರುವುದು ದೇಹ.

ಜಿಲ್ಲಾ ಆಸ್ಪತ್ರೆಯ ಕಿಡ್ನಿ ತಜ್ಞರ ಜೊತೆ ಕೂತು ಬೇರೆ ದಾರಿ ನೋಡಿದೆವು. ಎಲ್ಲರಿಗೂ ಒಂದೊಂದು ಕ್ಯಾನ್ ಕೊಟ್ಟೆವು. 24 ಗಂಟೆಯ ಮೂತ್ರ ಹಿಡಿದು ತರಬೇಕು. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಬರುತ್ತಿದ್ದು, ಪೊಟ್ಯಾಸಿಯಂ ಹತೋಟಿಯಲ್ಲಿದ್ದು, ಎರಡು ಡಯಾಲಿಸಿಸ್ ನಡುವೆ ಮೈಯಲ್ಲಿ ನೀರು ನಿಂತು ತೂಕ ತೀರಾ ಏರದಿದ್ದರೆ ವಾರಕ್ಕೆ ಎರಡು ಸಲ. ಮೂತ್ರ ನಿಂತವರಿಗೆ ಮೂರು.

ಹೀಗೆ ಒಂದು ಸರದಿ ಕಳೆದುಕೊಂಡವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. “ಮೂತ್ರ ಬರೋದು ನಿಮ್ಮ ಪುಣ್ಯ ಅಂತಿದ್ರಿ. ಈಗ ಅದೇ ತಪ್ಪಾಯ್ತಾ ಮೇಡಂ?” ಅಂದರು. ಅವರ ಹಾಸಿಗೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಎರಡು ಸಲವೇ ನಿಮಗೆ ಒಳ್ಳೆಯದು ಅಂತ ಹೇಳಿಬಿಡಬಹುದಿತ್ತು. ಆದರೆ ಅದು ಪೂರ್ತಿ ನಿಜ ಅಲ್ಲ. ನಿಮ್ಮಿಂದ ಒಂದು ಸರದಿ ತೆಗೆದು ಬೇರೆಯವರಿಗೆ ಕೊಡುತ್ತಿದ್ದೇನೆ, ನಿಮಗೆ ಅಪಾಯ ಕಡಿಮೆ ಅಂತ ಗೊತ್ತಿರುವುದರಿಂದ ಈ ಧೈರ್ಯ ಮಾಡುತ್ತಿದ್ದೇನೆ ಅಂದೆ. ಪ್ರತಿ ತಿಂಗಳು ಅಳೆಯುತ್ತೇವೆ, ಕಡಿಮೆಯಾದ ವಾರವೇ ಮೂರನೇ ಸರದಿ ವಾಪಸ್, ಸಾಲಿನಲ್ಲಿ ನಿಲ್ಲಿಸುವುದಿಲ್ಲ ಅಂತಲೂ ಹೇಳಿದೆ. “ಬರೆದುಕೊಡಿ” ಅಂದರು. ಬರೆದು ಸಹಿ ಹಾಕಿ ಕೊಟ್ಟೆ. ಆಮೇಲೆ ಎಲ್ಲರಿಗೂ ಅದೇ ಚೀಟಿ ಕೊಡಲು ಶುರು ಮಾಡಿದೆವು.

ಎರಡನೇ ತಿಂಗಳು ಒಬ್ಬರ ಕ್ಯಾನಿನಲ್ಲಿ ಮೂತ್ರ ಅರ್ಧಕ್ಕರ್ಧ ಇಳಿದಿತ್ತು. ತೂಕ ಮಾತ್ರ ಏರಿರಲಿಲ್ಲ. ಅವರ ಹೆಂಡತಿಯನ್ನು ಕಾರಿಡಾರಿನಲ್ಲಿ ಮೆಲ್ಲಗೆ ಕೇಳಿದೆ. “ಅರ್ಧ ಬಚ್ಚಲಿಗೆ ಸುರಿದೆ ಮೇಡಂ” ಅಂತ ಅತ್ತುಬಿಟ್ಟರು. ನಾನು ಬೈಯಲಿಲ್ಲ. ಗಂಡನನ್ನು ಉಳಿಸಿಕೊಳ್ಳಲು ಅವರ ಕೈಯಲ್ಲಿ ಇದ್ದದ್ದು ಅದೊಂದೇ ಉಪಾಯ. ನಿಯಮದ ಮೇಲೆ ಅವರಿಗೆ ನಂಬಿಕೆ ಬಂದಿಲ್ಲ ಅಂತ ನಮಗೆ ಗೊತ್ತಾಯಿತು. ಅವತ್ತೇ ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಯಾರಿಗೆ ಎಷ್ಟು ಸರದಿ, ಯಾಕೆ, ಕಾಯುವವರಲ್ಲಿ ಎಷ್ಟನೆಯವರು, ಎಲ್ಲವೂ ಇದೆ. ಹೆಸರಿನ ಬದಲು ನಂಬರ್. ಅದರಿಂದ ಇನ್ನೊಂದು ಅನುಕೂಲವೂ ಆಯಿತು. “ನಮ್ಮ ಕಡೆಯವರು, ಸ್ವಲ್ಪ ನೋಡಿ” ಅಂತ ದೊಡ್ಡವರ ಫೋನ್ ಬಂದರೆ, ಗೋಡೆ ಮೇಲಿದೆ, ಬಂದು ನೋಡಿ ಸಾರ್ ಅನ್ನುತ್ತೇನೆ. ಈಗ ಅಂಥ ಫೋನ್ ಕಡಿಮೆ.

ಲೆಕ್ಕ ಹೀಗೆ ಕೂತಿತು. 8 ಜನಕ್ಕೆ ಮೂರು ಸಲ, 12 ಜನಕ್ಕೆ ಎರಡು ಸಲ, ಒಟ್ಟು 48. ಉಳಿದ 6, ದಿನಕ್ಕೊಂದರಂತೆ, ತುರ್ತಿಗೆ. ಅಷ್ಟೆಲ್ಲ ಮಾಡಿ ಪಟ್ಟಿಗೆ ಹೊಸದಾಗಿ ಸೇರಿದವರು ಇಬ್ಬರೇನಾ ಅಂತ ಕೆಲವರು ಕೇಳಿದರು. ಆ 6 ಸರದಿಯ ಬೆಲೆ ನನಗೆ ಗೊತ್ತು. ಮೊದಲ ತಿಂಗಳಲ್ಲೇ ಹೊಲದಲ್ಲಿ ಕೊಳಕುಮಂಡಲ ಹಾವು ಕಚ್ಚಿದ ಹೆಣ್ಣುಮಗಳು ಬಂದಳು. ವಿಷದಿಂದ ಕಿಡ್ನಿ ನಿಂತಿತ್ತು. ಅಂಥವರಿಗೆ ಕೆಲವು ವಾರ ಆಸರೆ ಸಿಕ್ಕರೆ ಕಿಡ್ನಿ ಮತ್ತೆ ಕೆಲಸ ಶುರು ಮಾಡಬಹುದು. ಮೂರು ವಾರದಲ್ಲಿ ಅವಳಿಗೆ ಮೂತ್ರ ಬರತೊಡಗಿತು, ಮನೆಗೆ ಹೋದಳು.

ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅನ್ನುವುದು ಇನ್ನೂ ಕಷ್ಟದ ಪ್ರಶ್ನೆ. ಒಮ್ಮೆ ಒಂದು ಜಾಗಕ್ಕೆ ಇಬ್ಬರು ಬಂದರು. ಇಬ್ಬರೂ ಒಂದೇ ವಾರ ಹೆಸರು ಬರೆಸಿದವರು, ಇಬ್ಬರ ಸ್ಥಿತಿಯೂ ಹೆಚ್ಚುಕಡಿಮೆ ಒಂದೇ. ಒಬ್ಬರು 68 ವರ್ಷದ ಅಜ್ಜ, ಇನ್ನೊಬ್ಬರು ಎರಡು ಸಣ್ಣ ಮಕ್ಕಳ ತಾಯಿ. ಸಿಸ್ಟರ್ ನನ್ನ ಮುಖ ನೋಡಿದರು. ನನ್ನ ಮನಸ್ಸೂ ಆ ತಾಯಿಯ ಕಡೆಗೇ ಇತ್ತು.

ಅವತ್ತು ನೆನಪಾದದ್ದು ಅಮೆರಿಕದ ಸಿಯಾಟಲ್. 1960ರಲ್ಲಿ ಅಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯ ರಕ್ತನಾಳಗಳಿಗೆ ಜೋಡಿಸುವ ಒಂದು ನಳಿಕೆ ಮಾಡಿದ ಮೇಲೆ, ಮತ್ತೆ ಮತ್ತೆ ಡಯಾಲಿಸಿಸ್ ಮಾಡಿ ವರ್ಷಗಟ್ಟಲೆ ಜೀವ ಉಳಿಸುವುದು ಸಾಧ್ಯವಾಯಿತು. ಮಷೀನ್ ಕೆಲವೇ ಇದ್ದವು. ಯಾರಿಗೆ ಕೊಡಬೇಕು ಅಂತ ಆರಿಸಲು 7 ಜನರ ಒಂದು ಸಮಿತಿ ಇತ್ತು. ಕೆಲಸ, ಆದಾಯ, ಓದು, ಎಷ್ಟು ಮಕ್ಕಳು, ಚರ್ಚಿಗೆ ಹೋಗುತ್ತಾರಾ, ಎಲ್ಲವನ್ನೂ ಅವರು ತೂಗಿದರು. 1962ರಲ್ಲಿ ಅದು ಪತ್ರಿಕೆಯಲ್ಲಿ ಬಂದಾಗ ಜನ ಬೆಚ್ಚಿದರು. 1972ರ ಕಾನೂನು ಬಂದ ಮೇಲೆ ಸರ್ಕಾರವೇ ಬಹುತೇಕ ಎಲ್ಲರ ಖರ್ಚು ಹೊತ್ತಿತು. ಆ 7 ಜನ ಕೆಟ್ಟವರಲ್ಲ. ಅವರ ಕುರ್ಚಿಯಲ್ಲಿ ನಾನು ಕೂತರೂ ನನ್ನ ಹಾಗೆ ಓದಿದವರು, ನನ್ನ ಹಾಗೆ ಮಾತಾಡುವವರೇ ನನ್ನ ತಕ್ಕಡಿಯಲ್ಲಿ ಭಾರವಾಗುತ್ತಾರೆ. ಕಬ್ಬು ಕಡಿಯುವವರು ಹಗುರಾಗುತ್ತಾರೆ.

ಎರಡೂ ಮನೆಯವರನ್ನು ಕರೆದು, ಸ್ಟೀಲ್ ಡಬ್ಬಿಯಲ್ಲಿ ಎರಡು ಚೀಟಿ ಹಾಕಿ ಎತ್ತಿಸಿದೆವು. ಅಜ್ಜನ ಹೆಸರು ಬಂತು. ಆ ತಾಯಿಯ ಅಣ್ಣ ಏನೂ ಹೇಳದೆ ನನ್ನನ್ನೇ ನೋಡುತ್ತಾ ನಿಂತರು. ಐದು ವಾರ ಅವಳನ್ನು ತುರ್ತಿನ ಸರದಿಯಲ್ಲೂ ಜಿಲ್ಲಾ ಆಸ್ಪತ್ರೆಯಲ್ಲೂ ಹೇಗೋ ದಾಟಿಸಿದೆವು, ಆಮೇಲೆ ಜಾಗ ಆಯಿತು. ಆ ಐದು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಚೀಟಿಯ ನಿಯಮವನ್ನು ಮಾತ್ರ ಬದಲಾಯಿಸಿಲ್ಲ.

ಕಾಯುವವರಿಗೆ ಪ್ರತಿ ಶನಿವಾರ ನಾನೇ ಫೋನ್ ಮಾಡುತ್ತೇನೆ. ಇದನ್ನು ಸಿಸ್ಟರ್ ಮೇಲೆ ಹಾಕುವುದಿಲ್ಲ. ಇಲ್ಲ ಅನ್ನುವ ಮಾತು, ಇಲ್ಲ ಅಂತ ತೀರ್ಮಾನ ಮಾಡಿದವರ ಬಾಯಿಂದಲೇ ಬರಬೇಕು. ಕಾಲು ಊದಿದೆಯಾ, ಮಲಗಿದರೆ ಉಸಿರು ಕಟ್ಟುತ್ತದಾ, ಪೊಟ್ಯಾಸಿಯಂ ಏರಿಸುವ ಎಳನೀರು ಕುಡಿದಿಲ್ಲ ತಾನೇ ಅಂತ ಕೇಳುತ್ತೇನೆ. ಕೆಲವರು ವಾರಕ್ಕೆ ಎರಡು ದಿನ ಜಿಲ್ಲಾ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾರೆ. ಕೆಲವರು ಸಾಲ ಮಾಡಿ ಖಾಸಗಿಯಲ್ಲಿ ಮಾಡಿಸುತ್ತಿದ್ದಾರೆ.

ಎಂಟನೇ ತಿಂಗಳು ಮೇಷ್ಟ್ರ ಕ್ಯಾನಿನಲ್ಲಿ ಬಂದದ್ದು 300 ಮಿಲಿ. ಅದೇ ವಾರ ಅವರಿಗೆ ಮೂರನೇ ಸರದಿ ಕೊಟ್ಟೆವು. ಆ ಹಳೇ ಚೀಟಿಯನ್ನು ಅವರು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದರು, ತೋರಿಸುವ ಅಗತ್ಯ ಬೀಳಲಿಲ್ಲ. ತುರ್ತಿನ ಸರದಿ 6 ಇದ್ದದ್ದು 5 ಆಯಿತು.

ಈಗ ಪಟ್ಟಿಯಲ್ಲಿ 7 ಜನ ಇದ್ದಾರೆ. ರಾತ್ರಿ ಇನ್ನೊಂದು ಸರದಿ ನಡೆಸಲು ಟೆಕ್ನಿಷಿಯನ್ ಬೇಕು ಅಂತ ಮೂರು ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ನಾಲ್ಕನೆಯದು ಸೋಮವಾರ ಹೋಗುತ್ತಿದೆ, ಗೋಡೆಯ ಪಟ್ಟಿಯ ಫೋಟೋ ಜೊತೆಗೆ. ರಾತ್ರಿಯ ಸರದಿ ಶುರುವಾದರೆ ವಾರಕ್ಕೆ 18 ಜಾಸ್ತಿ ಸಿಗುತ್ತದೆ. ವಾರಕ್ಕೆ ಎರಡು ಸಲದಂತೆ 7 ಜನಕ್ಕೆ 14, ತುರ್ತಿಗೆ ಇನ್ನೂ 4.