ಲೇಬಲಿಂಗ್ ಎಪಿಐಗೆ ವಿಡಿಯೋ ಕಳಿಸುವ ಮುನ್ನ ಫ್ರೇಮ್ ಲೆಕ್ಕ ಸರಿಮಾಡಿಕೊಳ್ಳಿ

ಎಐ ಮಾದರಿಗೆ ಕಲಿಸಲೆಂದು ವಿಡಿಯೋದ ಫ್ರೇಮ್‌ಗಳಲ್ಲಿರುವ ವಸ್ತುಗಳ ಸುತ್ತ ಬಾಕ್ಸ್ ಬರೆದು ಹೆಸರಿಡುವುದು ಲೇಬಲಿಂಗ್; ಆ ಕೆಲಸವನ್ನು ಕೋಡ್ ಮೂಲಕ ಬೇರೆ ಸೇವೆಗೆ ಒಪ್ಪಿಸುವ ದಾರಿ ಲೇಬಲಿಂಗ್ ಎಪಿಐ. ಈ ಕೆಲಸ ಹೆಚ್ಚಾಗಿ ಕೆಡುವುದು ಎಪಿಐಗೆ ರಿಕ್ವೆಸ್ಟ್ ಕಳಿಸುವಾಗಲ್ಲ, ಅದಕ್ಕೂ ಮೊದಲೇ, ಫೈಲಿನಲ್ಲಿ. ಲೇಬಲ್ ಹಾಕುವವರು ಬ್ರೌಸರ್‌ನಲ್ಲಿ ನೋಡುವ 1,500ನೇ ಫ್ರೇಮೂ ನಿಮ್ಮ ಟ್ರೈನಿಂಗ್ ಕೋಡ್ ಓದುವ 1,500ನೇ ಫ್ರೇಮೂ ಒಂದೇ ಚಿತ್ರವಾಗಿರಬೇಕು. ಇಷ್ಟು ಖಾತ್ರಿಯಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಎಫ್‌ಎಫ್‌ಪ್ರೋಬ್‌ನಲ್ಲಿ (ವಿಡಿಯೋ ಫೈಲಿನ ವಿವರ ತೋರಿಸುವ ಟೂಲ್) ಫೈಲ್ ತೆರೆದು ಮೂಲ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು) ಮತ್ತು ಸರಾಸರಿ ಫ್ರೇಮ್ ರೇಟ್ ಎರಡನ್ನೂ ನೋಡಿ. ಇವು ಬೇರೆ ಬೇರೆ ಇದ್ದರೆ ಆ ವಿಡಿಯೋದ ಫ್ರೇಮ್ ರೇಟ್ ನಡುನಡುವೆ ಏರಿಳಿಯುತ್ತಿರುವ ಸಾಧ್ಯತೆ ಹೆಚ್ಚು. ಫೋನಿನ ವಿಡಿಯೋ, ಸ್ಕ್ರೀನ್ ರೆಕಾರ್ಡಿಂಗ್‌ಗಳಲ್ಲಿ ಇದು ಸಾಮಾನ್ಯ. ಎಫ್‌ಎಫ್‌ಎಂಪೆಗ್‌ನಿಂದ (ವಿಡಿಯೋ ಪರಿವರ್ತಿಸುವ ಟೂಲ್) ಸ್ಥಿರ ಫ್ರೇಮ್ ರೇಟ್‌ಗೆ, ಎಚ್.264 ಕೋಡೆಕ್‌ನ ಎಂಪಿ4 ಆಗಿ ಬದಲಿಸಿ. ಫಾಸ್ಟ್‌ಸ್ಟಾರ್ಟ್ ಆಯ್ಕೆಯನ್ನೂ ಕೊಡಿ, ಪೂರ್ತಿ ಫೈಲ್ ಇಳಿಯುವ ಮೊದಲೇ ಬ್ರೌಸರ್‌ನಲ್ಲಿ ವಿಡಿಯೋ ಶುರುವಾಗುತ್ತದೆ. ಲೇಬಲಿಂಗ್‌ಗೂ ಟ್ರೈನಿಂಗ್‌ಗೂ ಈ ಹೊಸ ಫೈಲನ್ನೇ ಬಳಸಿ. ಮೂಲ ಫೈಲಿಗೆ ವಾಪಸ್ ಹೋದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಫ್ರೇಮ್ ರೇಟ್ 29.97 ಇದ್ದರೆ ಅದನ್ನು 30 ಎಂದು ಬರೆಯಬೇಡಿ. ಹತ್ತು ನಿಮಿಷದಲ್ಲಿ 29.97ರ ವಿಡಿಯೋಗೆ ಸುಮಾರು 17,982 ಫ್ರೇಮ್, 30ರ ಲೆಕ್ಕಕ್ಕೆ 18,000. ವ್ಯತ್ಯಾಸ 18 ಫ್ರೇಮ್, ಅಂದರೆ 0.6 ಸೆಕೆಂಡ್. ಗಂಟೆಗೆ 36 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 6 ಮೀಟರ್ ಮುಂದೆ ಹೋಗಿರುತ್ತದೆ, ಅದರ ಸುತ್ತ ಬರೆದ ಬಾಕ್ಸ್ ಖಾಲಿ ರಸ್ತೆಯ ಮೇಲೆ ಕೂತಿರುತ್ತದೆ.

ಉದ್ದದ ವಿಡಿಯೋವನ್ನು ಒಂದೆರಡು ನಿಮಿಷದ ತುಂಡುಗಳಾಗಿ ಕಳಿಸಿ. ಪಕ್ಕಪಕ್ಕದ ತುಂಡುಗಳಲ್ಲಿ 30 ಫ್ರೇಮ್‌ನಷ್ಟು ಒಂದೇ ಭಾಗ ಇರಲಿ. ಇಲ್ಲದಿದ್ದರೆ ಮೊದಲ ತುಂಡಿನ ವಸ್ತುವಿನ ಟ್ರ್ಯಾಕ್ ಐಡಿಯನ್ನು (ಫ್ರೇಮ್‌ನಿಂದ ಫ್ರೇಮ್‌ಗೆ ಅದೇ ವಸ್ತು ಎಂದು ಗುರುತಿಸುವ ಸಂಖ್ಯೆ) ಎರಡನೆಯದಕ್ಕೆ ಜೋಡಿಸಲು ಆಧಾರವೇ ಇರದು. ಮತ್ತೆ ಎನ್‌ಕೋಡ್ ಮಾಡದೆ ಬರೀ ಕಾಪಿ ಮಾಡಿ ಕತ್ತರಿಸಿದರೆ ತುಂಡು ಹತ್ತಿರದ, ಪೂರ್ಣ ಚಿತ್ರವಾಗಿ ಉಳಿಸಿರುವ ಕೀಫ್ರೇಮ್‌ನಿಂದ ಶುರುವಾಗಿ ಲೆಕ್ಕ ತಪ್ಪುತ್ತದೆ.

ರಿಕ್ವೆಸ್ಟ್‌ನಲ್ಲಿ ವಿಡಿಯೋ ಲಿಂಕ್, ಕ್ಲಾಸ್‌ಗಳ ಪಟ್ಟಿ, ಬಾಕ್ಸೋ ಪಾಲಿಗನ್ನೋ ಎಂಬುದು, ಎಷ್ಟು ಫ್ರೇಮ್‌ಗೊಮ್ಮೆ ಲೇಬಲ್ ಬೇಕು, ಸೂಚನೆ, ಕೆಲಸ ಮುಗಿದಾಗ ಅವರ ಸರ್ವರ್ ತಾನಾಗಿ ಫಲಿತಾಂಶ ಕಳಿಸಬೇಕಾದ ವೆಬ್‌ಹುಕ್ ವಿಳಾಸ, ಜೊತೆಗೆ ನಿಮ್ಮದೇ ವಿಶಿಷ್ಟ ಐಡಿ ಇರಲಿ. ಸಹಿ ಮಾಡಿದ ಲಿಂಕ್ (ನಿಗದಿತ ಅವಧಿಗೆ ಮಾತ್ರ ತೆರೆಯುವ ಲಿಂಕ್) ಕೊಡುವುದಾದರೆ ಅವಧಿ ನೋಡಿಕೊಳ್ಳಿ. ಅಮೆಜಾನ್‌ನ ಫೈಲ್ ಸಂಗ್ರಹ ಸೇವೆ ಎಸ್3ಯಲ್ಲಿ ಅದು ಹೆಚ್ಚೆಂದರೆ 7 ದಿನ. ಕೆಲಸ ಸಾಲಿನಲ್ಲಿ ಕಾಯುವಾಗಲೇ ಲಿಂಕ್ ಸತ್ತರೆ ಲೇಬಲರ್‌ಗೆ ಕಾಣುವುದು ಕಪ್ಪು ಪರದೆ ಮಾತ್ರ.

ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೋದಲ್ಲಿ ಆರು ಫ್ರೇಮ್‌ಗೊಂದು ಲೇಬಲ್ ಎಂದರೆ ಸೆಕೆಂಡಿಗೆ ಐದು. ನಡುವಿನವನ್ನು ಟೂಲ್ ಸಾಮಾನ್ಯವಾಗಿ ನೇರ ಗೆರೆಯಲ್ಲಿ ತುಂಬುತ್ತದೆ. ನಡೆಯುವವರಿಗೆ ಇದು ಸಾಕು. ತಿರುವಿನ ಬೈಕಿಗೆ, ಬೀಸುವ ಕೈಗೆ ಸಾಲದು. ಸೂಚನೆಯಲ್ಲಿ ಒಂದನ್ನಂತೂ ಬಿಡಬೇಡಿ: ಮರೆಗೆ ಹೋಗಿ ಮತ್ತೆ ಬಂದ ವಸ್ತುವಿಗೆ ಹಳೆಯ ಐಡಿಯೋ ಹೊಸದೋ? ಬರೆಯದಿದ್ದರೆ ಒಬ್ಬೊಬ್ಬರು ಒಂದೊಂದು ರೀತಿ ಮಾಡುತ್ತಾರೆ.

ಟೈಮ್‌ಔಟ್ ಆದಾಗ ಕೆಲಸ ಅಲ್ಲಿ ದಾಖಲಾಗಿರಲೂಬಹುದು. ಮತ್ತೆ ಕಳಿಸುವಾಗ ಅದೇ ವಿಶಿಷ್ಟ ಐಡಿಯನ್ನೇ ಹಾಕಿ, ಇಲ್ಲವಾದರೆ ಒಂದೇ ತುಂಡಿಗೆ ಎರಡು ಸಲ ಹಣ ಕಟ್ಟಬೇಕಾದೀತು. 429 (ರಿಕ್ವೆಸ್ಟ್ ಮಿತಿ ಮೀರಿದೆ) ಅಥವಾ 500ರ ಸಾಲಿನ (ಸರ್ವರ್‌ನ ತೊಂದರೆ) ಉತ್ತರ ಬಂದರೆ 1, 2, 4, 8 ಸೆಕೆಂಡ್ ಹೀಗೆ ಕಾದು ಪ್ರಯತ್ನಿಸಿ. 400 ಬಂದರೆ ತಪ್ಪು ನಿಮ್ಮ ರಿಕ್ವೆಸ್ಟ್‌ನಲ್ಲಿದೆ, ಕಾಯುವುದರಿಂದ ಸರಿಹೋಗದು. ವೆಬ್‌ಹುಕ್‌ಗೆ ತಕ್ಷಣ 200 (ತಲುಪಿತು) ಎಂದು ಉತ್ತರಿಸಿ, ಉಳಿದ ಕೆಲಸ ಆಮೇಲೆ ಮಾಡಿ. ಅದು ಎರಡು ಸಲ ಬರಬಹುದು, ಬಾರದೆಯೂ ಇರಬಹುದು. ಹಾಗಾಗಿ ದಿನಕ್ಕೊಮ್ಮೆ ಬಾಕಿ ಕೆಲಸಗಳ ಸ್ಥಿತಿಯನ್ನು ನೀವೇ ಕೇಳಿ.

ಮೊದಲ ಸಲ ಐದರಿಂದ ಹತ್ತು ತುಂಡು ಸಾಕು. ಬಂದ ಬಾಕ್ಸ್‌ಗಳನ್ನು ಆರಂಭದ, ನಡುವಿನ, ಕೊನೆಯ ಫ್ರೇಮ್‌ಗಳ ಮೇಲೆ ಬರೆದು ನೋಡಿ. ಎಲ್ಲ ಕಡೆ ಒಂದೇ ಫ್ರೇಮ್‌ನಷ್ಟು ಹಿಂದುಮುಂದಾಗಿದ್ದರೆ ಎಣಿಕೆ 0ಯಿಂದಲೋ 1ರಿಂದಲೋ ಎಂಬ ಗೊಂದಲ. ಕೊನೆಗೆ ಹೋದಂತೆ ಹೆಚ್ಚು ಜಾರಿದರೆ ಫ್ರೇಮ್ ರೇಟ್. ಬಾಕ್ಸ್ ಅಡ್ಡಡ್ಡ ಬಿದ್ದಿದ್ದರೆ ಫೋನ್ ವಿಡಿಯೋದ ರೊಟೇಶನ್ ಗುರುತನ್ನು ಬ್ರೌಸರ್ ಪಾಲಿಸಿದೆ, ನಿಮ್ಮ ಕೋಡ್ ಪಾಲಿಸಿಲ್ಲ.