ಯುಗಾದಿ ರಜೆಗೆ ಹಾವು, ಓತಿಕ್ಯಾತ, ಕಪ್ಪೆ ನೋಡಲು ಹೋಗುವವರಿಗೆ

ಮಕ್ಕಳ ಜೊತೆ ಒಂದೂವರೆ ದಿನ ಇದ್ದರೆ ಕಪ್ಪತಗುಡ್ಡಕ್ಕೆ ಹೋಗಿ. 2019ರಲ್ಲಿ ವನ್ಯಜೀವಿಧಾಮ ಆದ ಜಾಗ. ಅದಕ್ಕೇ ಮೊದಲು ಗದಗದ ಅರಣ್ಯ ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಪಡೆದೇ ಹೋಗಿ.

ಎಲ್ಲಕ್ಕಿಂತ ಮುಖ್ಯ ಹೊತ್ತು. ಹೋದ ವರ್ಷ ನಾವು ಮಿರ್ಚಿ, ಮಂಡಕ್ಕಿ ಎಲ್ಲ ಮುಗಿಸಿ 11 ಗಂಟೆಗೆ ಮುಟ್ಟಿದೆವು. ಕಂಡಿದ್ದು ಚಹಾ ಅಂಗಡಿ ಗೋಡೆಯ ಹಲ್ಲಿ ಒಂದೇ! ಹಾವು, ಓತಿಕ್ಯಾತಗಳ ಮೈಗೆ ಬಿಸಿ ಹೊರಗಿಂದಲೇ ಬರಬೇಕು. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ತನಕ ಬಂಡೆ ಮೇಲೆ ಬಿಸಿಲು ಕಾಯಿಸುತ್ತವೆ, ಬಂಡೆ ಸುಡತೊಡಗಿದರೆ ಸಂದಿಗೆ ಸೇರುತ್ತವೆ. ಬಯಲಲ್ಲಿ ಗಂಟಲ ಚೀಲವನ್ನು ಬೀಸಣಿಗೆಯಂತೆ ಬಿಚ್ಚುವ ಸಣ್ಣ ಓತಿ ಸಿಕ್ಕರೆ ಸುಮ್ನೆ ಕೂತುಬಿಡಿ. ಅದೇ ಆಟ ತೋರಿಸುತ್ತದೆ.

ಕಪ್ಪೆಗೆ ಗುಡ್ಡದ ಹತ್ತಿರದ ಡಂಬಳ ಊರಿನ ಕೆರೆ ಅಂಚು, ಸಂಜೆ ಕತ್ತಲಾದ ಮೇಲೆ. ಅಡ್ಡಮಳೆ ಬಿದ್ದ ರಾತ್ರಿಯಾದರೆ ಜಾಸ್ತಿ. ಕೈಗೆ ಸೊಳ್ಳೆ ಕ್ರೀಮ್ ಹಚ್ಚಿ ಕಪ್ಪೆ ಮುಟ್ಟಬೇಡಿ, ಅದರ ಚರ್ಮ ಎಲ್ಲವನ್ನೂ ಹೀರುತ್ತದೆ.

ಬೂಟು, ಟಾರ್ಚ್ ಬೇಕೇ ಬೇಕು. ಕೊಳಕುಮಂಡಲ ಬೇಸಿಗೆಯಲ್ಲಿ ರಾತ್ರಿಯೇ ಓಡಾಡುತ್ತದೆ. ಕುಕ್ಕರ್ ಸೀಟಿಯಂಥ ಬುಸುಗುಟ್ಟುವಿಕೆ ಕೇಳಿದರೆ ನಿಂತು, ಎಲ್ಲಿದೆ ನೋಡಿ, ಹಿಂದೆ ಸರಿಯಿರಿ. ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಿಸದೆ ನೇರ ಗದಗದ ದೊಡ್ಡ ಆಸ್ಪತ್ರೆಗೆ. ಹಾವು ಹಿಡಿದು ಫೋಟೋ ತೆಗೆಸಿಕೊಳ್ಳುವ ಅಣ್ಣಂದಿರು ದಯವಿಟ್ಟು ಮನೆಯಲ್ಲೇ ಇರಿ. ಕಲ್ಲು ಎತ್ತಿ ನೋಡುವ ಚಟವೂ ಬೇಡ, ಅದು ಚೇಳಿನ ಮನೆಯೂ ಹೌದು.

ಹೊರಡುವ ಹಿಂದಿನ ದಿನ ಮಳೆ ಸುದ್ದಿ ನೋಡಿ, ಆಮೇಲೆ ಗಾಡಿ ಹೇಳಿ.