ಮಾರ್ಚ್‌ನಿಂದ ಜೂನ್‌ಗೆ: ಹತ್ತನೇ ತರಗತಿಯ ಯೋಜನೆಯನ್ನು ನಾನು ಹಿಂದುಮುಂದಾಗಿ ಬರೆದ ಬಗೆ

2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಿತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂದಾಗ ಆ ಸ್ಥಾನ ಉಳಿಯಲಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ನಾನು ಮುಖ್ಯಶಿಕ್ಷಕನಾಗಿರುವ ಶಾಲೆಯಲ್ಲಿ 52 ಮಕ್ಕಳ ಪೈಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಗಣಿತದಲ್ಲಿ ಅನುತ್ತೀರ್ಣರಾದರು. ಕ್ರಿಯಾಯೋಜನೆಯ ಮೊದಲ ಪುಟದಲ್ಲಿ ನಾನೇ ಬರೆದಿದ್ದ ‘ಶೇಕಡಾ ನೂರು ಫಲಿತಾಂಶ’ ಎಂಬುದು ಗುರಿಯಲ್ಲ, ಬರೀ ಹರಕೆ ಎಂಬುದು ಆಗ ಅರಿವಾಯಿತು.

ಆ ಜೂನ್‌ನಲ್ಲಿ ಅದನ್ನು ಹೊಡೆದುಹಾಕಿ, ತರಗತಿಯ ಅತ್ಯಂತ ಹಿಂದುಳಿದ ಮಗುವೂ 80 ಅಂಕದ ಗಣಿತ ಪತ್ರಿಕೆಯಲ್ಲಿ ಯಾರ ನೆರವೂ ಇಲ್ಲದೆ 40 ಅಂಕದ ಲೆಕ್ಕ ಮಾಡಬೇಕೆಂದು ಬರೆದೆ. ಅಲ್ಲಿಂದ ಒಂದೊಂದೇ ತಿಂಗಳು ಹಿಂದಕ್ಕೆ ಬಂದೆ. ‘ಬಾಲದಿಂದ ಹಿಡಿದರೆ ಸಿಲಬಸ್ ಮುಗಿಯುತ್ತದೆಯೇ ಸರ್?’ ಎಂದು ಸಹೋದ್ಯೋಗಿಗಳು ನಕ್ಕರು.

ಅವರ ನಗೆ ಮೊದಮೊದಲು ನಿಜವೇ ಆಯಿತು. ನಾನು ಲೆಕ್ಕ ಹಾಕಿದ್ದು ಇಲಾಖೆಯ ಕ್ಯಾಲೆಂಡರನ್ನೇ ಹೊರತು ಊರಿನ ಹೊಲವನ್ನಲ್ಲ. ಸೆಪ್ಟೆಂಬರಿನಲ್ಲಿ ಈರುಳ್ಳಿ ಕೀಳುವ ಕೆಲಸ ಆರಂಭವಾಗುತ್ತಲೇ ತರಗತಿ ಅರ್ಧ ಖಾಲಿಯಾಯಿತು. ಆ ವಾರಗಳಲ್ಲಿಯೇ ತ್ರಿಭುಜಗಳ ಪಾಠವಿಟ್ಟಿದ್ದೆ. ಯೋಜನೆಯನ್ನು ಹರಿದು, ಮಾರ್ಚ್‌ನಲ್ಲಿ ಬರುವ ನಮ್ಮ ಸೀಮೆಯ ದೊಡ್ಡ ಜಾತ್ರೆಯಾದ ನಾಯಕನಹಟ್ಟಿ ತೇರಿನಿಂದ ಮತ್ತೆ ಹಿಂದಕ್ಕೆ ಎಣಿಸಿದೆ. ಆ ವರ್ಷ ತೇರಿಗೂ ಪರೀಕ್ಷೆಗೂ ನಡುವೆ ಒಂದು ವಾರವೂ ಇರಲಿಲ್ಲವಾದ್ದರಿಂದ, ಮಾರ್ಚ್ ಮೊದಲ ವಾರದ ನಂತರ ಹೊಸದೇನನ್ನೂ ಹೇಳುವಂತಿರಲಿಲ್ಲ. ಫೆಬ್ರವರಿ ಪೂರ್ವಸಿದ್ಧತಾ ಪರೀಕ್ಷೆಗೆ ಹೋಗುತ್ತದೆ. ಹಾಗಾಗಿ ಪಾಠಗಳು ಡಿಸೆಂಬರಿಗೇ ಮುಗಿಯಬೇಕು. ದಸರೆಯ ರಜೆ, ಶೇಂಗಾ ಸುಗ್ಗಿ ಕಳೆದರೆ ಗಟ್ಟಿಯಾಗಿ ಕೈಯಲ್ಲಿ ಉಳಿದದ್ದು ಐವತ್ತರ ಆಸುಪಾಸಿನ ದಿನಗಳು. ಸುಗ್ಗಿಯ ವಾರಗಳಿಗೆ ಸಂಖ್ಯಾಶಾಸ್ತ್ರ ಹಾಕಿದೆ, ಏಕೆಂದರೆ ಅದನ್ನು ತಪ್ಪಿಸಿಕೊಂಡ ಮಗು ಎರಡು ದಿನದಲ್ಲಿ ಹಿಡಿದುಕೊಳ್ಳುತ್ತದೆ. ತ್ರಿಭುಜ, ವರ್ಗಸಮೀಕರಣಗಳು ಶೇಂಗಾ ಮನೆ ಸೇರಿದ ಮೇಲೆ ಬಂದವು.

ನಡುವೆ, ಬೆಳಗಿನ ಜಾವ ಐದಕ್ಕೆ ಮಕ್ಕಳ ಮನೆಗೆ ಫೋನು ಮಾಡಿ ಎಬ್ಬಿಸುವ ಪ್ರಯೋಗವನ್ನೂ ಮಾಡಿದೆ. ಅರ್ಧದಷ್ಟು ಫೋನುಗಳು ಬೆಂಗಳೂರಿಗೆ ದುಡಿಯಲು ಹೋದ ಅಪ್ಪಂದಿರ ಜೇಬಿನಲ್ಲಿದ್ದವು; ಹದಿನೈದು ದಿನಕ್ಕೆ ಕೈಬಿಟ್ಟೆ.

ಹಣದ ಲೆಕ್ಕವನ್ನೂ ಹೇಳಬೇಕು. ವಾರದ ಕಿರುಪರೀಕ್ಷೆಗಳ ಜೆರಾಕ್ಸಿಗೆ ಸುಮಾರು ಒಂಬತ್ತು ಸಾವಿರ ಹೋಯಿತು. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮೂರು ಸಾವಿರ ಕೊಟ್ಟರು, ಉಳಿದದ್ದು ನನ್ನ ಕೈಯಿಂದ. ಅದರಲ್ಲಿ ಅರ್ಧ ದಂಡ, ಏಕೆಂದರೆ ತಿದ್ದಲು ಆಗದಷ್ಟು ಪತ್ರಿಕೆ ಕೊಟ್ಟಿದ್ದೆ. ಶನಿವಾರದ ವಿಶೇಷ ತರಗತಿಗೆ ತರಿಸುತ್ತಿದ್ದ ಮಂಡಕ್ಕಿ, ಮೆಣಸಿನಕಾಯಿಗೆ ವಾರಕ್ಕೆ ನಾನೂರೋ ಐನೂರೋ ಆಗುತ್ತಿತ್ತು. ಹಾಜರಾತಿಯನ್ನು ಎತ್ತಿದ್ದು ಪತ್ರಿಕೆಗಳಿಗಿಂತ ಅದೇ. ಮಕ್ಕಳನ್ನು ಜೋಡಿ ಮಾಡಿ ಕೂರಿಸಿದ ಕ್ರಮವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ; ಶಾಲೆಗೆ ಬಂದವರಿಗೆ ತೋರಿಸುತ್ತೇನೆ.

2025ರ ಮುಖ್ಯ ಪರೀಕ್ಷೆಯಾದ ಪರೀಕ್ಷೆ-1ರಲ್ಲಿ ಗಣಿತದಲ್ಲಿ ಅನುತ್ತೀರ್ಣರಾದವರು ನಾಲ್ವರು. 40 ಅಂಕದ ಗುರಿಯನ್ನು ಎಲ್ಲರೂ ಮುಟ್ಟಲಿಲ್ಲ, ಹತ್ತಾರು ಮಕ್ಕಳು ಮೂವತ್ತರ ಅಂಚಿನಲ್ಲಿ ದಾಟಿದರು. ಆ ನಾಲ್ವರಲ್ಲಿ ಮೂವರು ಮರುಅವಕಾಶದ ಪರೀಕ್ಷೆ-2ರಲ್ಲಿ ತೇರ್ಗಡೆಯಾದರು. ಬಾಲದ ಮಾತೆತ್ತಿ ನಕ್ಕಿದ್ದ ವಿಜ್ಞಾನದ ಮೇಷ್ಟ್ರು ನಂತರದ ಜೂನ್‌ನಲ್ಲಿ ಸ್ಟಾಫ್ ರೂಮಿಗೆ ಬಂದವರೇ, ‘ತೇರು ಯಾವ ತಾರೀಕಿಗೆ ಬರುತ್ತದೆ ಸರ್?’ ಎಂದು ಪಂಚಾಂಗ ಕೇಳಿದರು.